ಸವಣೂರಿನ ಬಲಗೈ

ನನ್ನ ಎಡ ಅಂಗೈ ಈಗ ನೋಯುವುದಿಲ್ಲ. ಅದೇ ನನ್ನ ದುಃಖ ಅಂದರೆ ಯಾರಾದರೂ ನಕ್ಕಾರು, ನಗಲಿ. ಹೋದ ವರ್ಷ ಇದೇ ದಿನಗಳಲ್ಲಿ ಅದು ಬಾತುಕೊಂಡು, ತೋರುಬೆರಳಿನ ಬುಡ ನೇರಳೆ ಬಣ್ಣಕ್ಕೆ ತಿರುಗಿ, ಚಹಾದ ಕಪ್ಪು ಹಿಡಿದರೂ ಜೀವ ಹೋದಂತಾಗುತ್ತಿತ್ತು. "ಏನಿದು, ಹುಡುಗಿ ಅಂಬಾಕಿ ಕೈ ಹಿಂಗ ಮಾಡಿಕೊಂಡರ ಹೆಂಗ?" ಎಂದು ಅವ್ವ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುತ್ತಿದ್ದಳು. ಮೂವತ್ತಾರು ವರ್ಷದವಳನ್ನು ಇನ್ನೂ ಹುಡುಗಿ ಅನ್ನುವ ದೊಡ್ಡ ಮನಸ್ಸು ಅವಳೊಬ್ಬಳಿಗೇ ಇದೆ. "ಬಾಲ್ ಹಿಡದೀನಿ, ಕಳುವು ಮಾಡಿಲ್ಲ" ಎಂದು ನಾನು ಸಿಡುಕುತ್ತಿದ್ದೆ. ಸಿಡುಕಿದರೂ ಒಳಗೊಳಗೇ ಖುಷಿ ಇರುತ್ತಿತ್ತು. ಕೆಲಸದಲ್ಲಿ ಕೂತಾಗ ಆ ಬಾತ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ, ಇನ್ನೂ ನೋಯುತ್ತದೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು.

ನಾನು ಶಿಗ್ಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಮೂಲತಃ ಸವಣೂರಿನ ಮನೆತನ. ತಲೆತಲಾಂತರದಿಂದ ಮಠದಲ್ಲಿ ಪಾಠ ಹೇಳಿದವರು, ಟೀಕೆ ಟಿಪ್ಪಣಿ ಬರೆದವರು. ಪುಸ್ತಕಕ್ಕಿಂತ ಭಾರವಾದದ್ದನ್ನು ಎತ್ತಿದವರು ನಮ್ಮಲ್ಲಿ ಯಾರೂ ಇಲ್ಲ ಎಂದು ಅಪ್ಪನೇ ಹೇಳಿಕೊಂಡು ನಗುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿದ ನಾನು ಧಾರವಾಡದಲ್ಲಿ ಕಾಲೇಜು ಓದುವಾಗ ಬೇಸ್‌ಬಾಲ್ ಆಟಕ್ಕೆ ಬಿದ್ದೆ. ಅದರಲ್ಲೂ ಕ್ಯಾಚರ್ ಆದೆ. ಬ್ಯಾಟು ಹಿಡಿದವಳ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ತಂತಿಯ ಮುಸುಕು ಹಾಕಿಕೊಂಡು, ಎಡಗೈಯ ದಪ್ಪ ಗ್ಲೌಸಿನಲ್ಲಿ ಬಾಲು ಹಿಡಿಯುವುದು ಕ್ಯಾಚರಿನ ಕೆಲಸ. ಎದುರಿಗೆ ನಿಂತು ಆ ಬಾಲನ್ನು ಒಗೆಯುವವಳು ಪಿಚರ್. ಬ್ಯಾಟಿಗೆ ಎಟುಕುವ ಚೌಕದೊಳಗೆ ಬಾಲು ಬಂದರೆ, ಅಥವಾ ಬ್ಯಾಟು ಬೀಸಿಯೂ ತಾಗದಿದ್ದರೆ ಅದು ಸ್ಟ್ರೈಕ್, ಅಂಥವು ಮೂರಾದರೆ ಬ್ಯಾಟಿನವಳು ಔಟ್. ಚೌಕದ ಹೊರಗೆ ನಾಲ್ಕು ಹೋದರೆ ಆಕೆಗೆ ಪುಕ್ಕಟೆ ಒಂದು ಬೇಸು, ಅಂಥ ನಾಲ್ಕು ಬೇಸು ಸುತ್ತಿ ಬಂದರೆ ಒಂದು ರನ್. ಮೊದಲ ಸಲ ನನ್ನ ಮುಸುಕು ನೋಡಿದ ಅಪ್ಪ, "ಇದೇನು ವೇಷನವಾ?" ಎಂದಿದ್ದರು. ಕಾಲೇಜು ಮುಗಿಯಿತು, ಮುಸುಕು ಅಟ್ಟಕ್ಕೆ ಹೋಯಿತು. ಹದಿನಾಲ್ಕು ವರ್ಷ ನಾನು ಬಾಲು ಮುಟ್ಟಲಿಲ್ಲ. ಯಾರಾದರೂ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರೆ ನಿಂತು ನೋಡಿ, ಹೊಟ್ಟೆ ಉರಿಸಿಕೊಂಡು ಮನೆಗೆ ಬರುತ್ತಿದ್ದೆ.

ಹಾನಗಲ್ಲಿನಲ್ಲಿ ಒಬ್ಬ ಪಿ.ಟಿ. ಮಾಸ್ತರರಿದ್ದಾರೆ, ನಿವೃತ್ತರು. ಸುಮ್ಮನೆ ಕೂತರೆ ಕಾಲು ಜೋಮು ಹಿಡಿಯುತ್ತದೆ ಎಂದು ಅವರು ನಾಲ್ಕು ತಾಲೂಕು ಸೇರಿಸಿ ಹೆಣ್ಣುಮಕ್ಕಳ ಬೇಸ್‌ಬಾಲ್ ತಂಡ ಕಟ್ಟಲು ಹೊರಟರು. "ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಇಷ್ಟ್ರೊಳಗ ಒಂಬತ್ತು ಮಂದಿ ಸಿಗೂದಿಲ್ಲೇನ್ರಿ?" ಎಂದು ನನ್ನ ಟೇಬಲ್ಲಿನ ಮುಂದೆ ಬಂದು ನಿಂತಾಗ ನಾನು ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದೆ. ಇಲ್ಲ ಅನ್ನುವವಳ ಹಾಗೆ ಎರಡು ನಿಮಿಷ ನಾಟಕ ಮಾಡಿ, ಮೂರನೇ ನಿಮಿಷಕ್ಕೆ "ಯಾವಾಗಿಂದ್ರಿ ಸರ?" ಎಂದೆ. ಹದಿಮೂರು ಜನ ಕೂಡಿದೆವು. ಯಾರಿಗೂ ದೂರವೆನಿಸಬಾರದು ಎಂದು ಒಂದೊಂದು ಭಾನುವಾರ ಒಂದೊಂದು ತಾಲೂಕಿನಲ್ಲಿ ಅಭ್ಯಾಸ. ಅಟ್ಟದ ಮುಸುಕಿನಲ್ಲಿ ಜೇಡ ಮನೆ ಮಾಡಿತ್ತು. ತೊಳೆದು ಬಿಸಿಲಿಗೆ ಇಟ್ಟೆ.

ಪಿಚರ್ ಮಾತ್ರ ಇರಲಿಲ್ಲ. ಚಿಕ್ಕೇರೂರಿನ ಒಬ್ಬ ಹುಡುಗಿ, ಬಿ.ಎ. ಓದುತ್ತಿದ್ದವಳು, ಆಸೆಯಿಂದ ಒಗೆಯುತ್ತಿದ್ದಳು. ಬಾಲು ಒಮ್ಮೆ ನನ್ನ ತಲೆ ಮೇಲೆ, ಒಮ್ಮೆ ಕಾಲ ಬುಡಕ್ಕೆ. ಅವಳ ಬಾಲಿನ ಹಿಂದೆ ಓಡಿ ಓಡಿ ನನ್ನ ಮೊಣಕಾಲು ಸವೆಯಿತು. "ತಂಗಿ, ನಾ ಇಲ್ಲಿ ಕೂತೀನಿ, ಹಾನಗಲ್ಲಾಗ ಅಲ್ಲ" ಎಂದು ಒಮ್ಮೆ ಕೂಗಿದ್ದೆ. ಅವಳು ನಾಲಿಗೆ ಕಚ್ಚಿಕೊಂಡು "ಸಾರಿ ರೀ ಅಕ್ಕಾರ" ಅಂದಳು.

ಸವಣೂರಿನಲ್ಲಿ ಅಭ್ಯಾಸ ಇದ್ದ ಒಂದು ಭಾನುವಾರ ಮಾಸ್ತರರೂ ನಾನೂ ಚಹಾ ಕುಡಿದು ಎಲೆತೋಟಗಳ ಬದಿಯ ದಾರಿಯಲ್ಲಿ ಬರುತ್ತಿದ್ದೆವು. ತೋಟದೊಳಗೆ ಮುಸ್ಯಾಗಳ, ಕರಿಮೂತಿಯ ಕೋತಿಗಳ, ಹಿಂಡು ನುಗ್ಗಿತ್ತು. ವೀಳ್ಯದೆಲೆಯ ಬಳ್ಳಿ ಹಬ್ಬಿಸಿದ ಗಿಡಗಳ ಮೇಲೆ ಅವು ಕುಣಿದರೆ ಬಳ್ಳಿಯೇ ಕಿತ್ತು ಬರುತ್ತದೆ. ಏಣಿಯ ಮೇಲೆ ನಿಂತು ಎಲೆ ಕೀಳುತ್ತಿದ್ದ ಒಬ್ಬ ಹುಡುಗಿ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ ಇರಬೇಕು, ಸರಸರ ಇಳಿದು ಮಣ್ಣಿನ ಹೆಂಟೆ ಎತ್ತಿಕೊಂಡು ಒಗೆಯತೊಡಗಿದಳು. ಒಂದು ಹೆಂಟೆ ಮುಸ್ಯಾನ ಬಲಗಿವಿಯ ಪಕ್ಕದ ಕಾಂಡಕ್ಕೆ ಬಡಿದು ಪುಡಿಯಾಯಿತು. ಇನ್ನೊಂದು ಎಡಗಿವಿಯ ಪಕ್ಕಕ್ಕೆ. ಹೀಗೆ ಹತ್ತು ಹನ್ನೆರಡು. ಒಂದೂ ಮೈಗೆ ತಾಗಲಿಲ್ಲ, ಒಂದೂ ಗೇಣಿಗಿಂತ ದೂರ ಬೀಳಲಿಲ್ಲ.

ಮಾಸ್ತರರು ಬೇಲಿ ಹಿಡಿದು ನಿಂತುಬಿಟ್ಟರು. "ಗುರಿ ತಪ್ಪಾಕತ್ತೈತಲ್ಲವಾ?" ಎಂದು ಬೇಕಂತಲೇ ಕೇಳಿದರು.

ಅವಳು ತಿರುಗಿ ಸಿಟ್ಟಿನಿಂದ, "ತಪ್ಪಾಕತ್ತಿಲ್ರಿ, ತಪ್ಪಸಾಕತ್ತೇನಿ. ಹನುಮಪ್ಪನ ಕುಲ ಅದು, ಹೊಡಿಬಾರದು. ಬಗಲಾಗ ಹೊಡದ್ರ ಅಂಜಿ ಓಡ್ತಾವ" ಅಂದಳು.

ತಪ್ಪಿಸುವುದನ್ನೇ ಕಲಿತ ಕೈ! ಮುಂದಿನ ಭಾನುವಾರ ಅವಳ ಅವ್ವನ ಒಪ್ಪಿಗೆ ಪಡೆದು ಮೈದಾನಕ್ಕೆ ಕರೆತಂದೆವು. ಬಾಲು ಕೈಗೆ ಕೊಟ್ಟು, "ಬ್ಯಾಟಿನಾಕಿಗೆ ತಾಗಬಾರದು, ಬ್ಯಾಟಿಗೂ ತಾಗಬಾರದು, ಆದ್ರ ಬಗಲಾಗ ಹೋಗಬೇಕು" ಎಂದೆ. "ಇಷ್ಟ ಏನು?" ಅಂದಳು. ಮೊದಲ ಬಾಲು ಫಟ್ ಎಂದು ಗ್ಲೌಸಿಗೆ ಬಂದು ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ನೋವಿಗೋ ಸಂತೋಷಕ್ಕೋ ಗೊತ್ತಿಲ್ಲ, ಮುಸುಕು ಇದ್ದದ್ದು ಒಳ್ಳೆಯದಾಯಿತು.

ಸುತ್ತಲಿನ ಜಿಲ್ಲೆಗಳ ತಂಡಗಳೆಲ್ಲ ಸೇರಿ ಆಡುವ ಒಂದು ಪಂದ್ಯಾವಳಿ ಭಾನುವಾರಗಳಂದು ನಡೆಯುತ್ತದೆ. ಅದಕ್ಕೆ ಹೆಸರು ಕೊಟ್ಟೆವು. ಮೊದಲ ಪಂದ್ಯ ಶಿಗ್ಗಾವಿಯಲ್ಲಿ ಗೆದ್ದೆವು, ಎರಡನೆಯದು ಹಾನಗಲ್ಲಿನಲ್ಲಿ. ಮೂರನೆಯದಕ್ಕೆ ಎದುರಾಳಿಗಳು ಹೊಸ ಬೂಟು, ಹೊಸ ಸಮವಸ್ತ್ರ ಹಾಕಿಕೊಂಡು ಬಂದಿದ್ದರು. ನಮ್ಮ ಹುಡುಗಿ ಬರಿಗಾಲಲ್ಲಿ ಒಗೆದಳು. ಎಲೆತೋಟದಲ್ಲಿ ಚಪ್ಪಲಿ ಹಾಕುವ ಪದ್ಧತಿ ಇಲ್ಲ, ಬೂಟು ಹಾಕಿದರೆ ಕಾಲಿಗೆ ನೆಲ ತಿಳಿಯುವುದಿಲ್ಲ ಎಂದು ಅವಳ ದೂರು. ಅಂಪೈರರು ಎರಡನೇ ಸರದಿಯಲ್ಲಿ ಗದರಿಸಿ ಬೂಟು ಹಾಕಿಸಿದರು. ಆಮೇಲೂ ಅವರಿಗೆ ತಾಗಲಿಲ್ಲ ಬಾಲು. ನಾಲ್ಕನೆಯ ಪಂದ್ಯವನ್ನು ಪರಸ್ಥಳದಲ್ಲಿ ಗೆದ್ದು ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ನಾವೆಲ್ಲ ಸವಣೂರಿನ ಖಾರದ ಪೊಟ್ಟಣ ಬಿಚ್ಚಿ ಮೆಲ್ಲುತ್ತಾ ಕಿರುಚಾಡಿದ್ದಕ್ಕೆ ಕಂಡಕ್ಟರು, "ಏನ್ ವರ್ಲ್ಡ್ ಕಪ್ ಗೆದ್ದೀರೇನ್ರವಾ?" ಎಂದು ಕೇಳಿದ್ದ. "ಇನ್ನೂ ಇಲ್ರಿ, ಮುಂದಿನ ವಾರ" ಎಂದು ನಮ್ಮ ಪಿಚರ್ ಉತ್ತರ ಕೊಟ್ಟಳು. ಆ ಬಸ್ಸು, ಆ ಖಾರ, ಕಿಟಕಿಯ ಕಡೆ ಕೂತು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಗುತ್ತಿದ್ದ ಅವಳು. ಇದನ್ನು ಬರೆಯುವಾಗಲೂ ಆ ಸೀಟಿಗೆ ಹೋಗಿ ಕೂಡಬೇಕೆನ್ನಿಸುತ್ತಿದೆ.

ಗೆಲ್ಲುತ್ತಾ ಹೋದಂತೆ ಮಾಸ್ತರರ ಮುಖ ಚಿಕ್ಕದಾಗುತ್ತಾ ಹೋಯಿತು. "ನಾಲ್ಕು ಗೆದ್ದೇವಿ ಖರೆ. ಆದ್ರ ನಾಲ್ಕೂ ಒಂದ ಕೈ ಗೆದ್ದದ್ದು. ಒಂದ ಎತ್ತು ಕಟ್ಟಿ ಬಂಡಿ ಎಷ್ಟು ದೂರ ಹೊಡಿಯೂದ್ರಿ?" ಎಂದು ನನಗೊಬ್ಬಳಿಗೇ ಹೇಳಿದರು. ಚಿಕ್ಕೇರೂರಿನ ಹುಡುಗಿಗೆ ಎರಡು ಸರದಿ ಕೊಟ್ಟು ನೋಡೋಣ ಎಂದರು. ನಾನು ಕೆಂಡವಾದೆ. "ಆಕಿ ಒಗದರ ಎದುರಿನವರು ಬ್ಯಾಟ್ ಬೀಸೂದ ಬ್ಯಾಡ್ರಿ ಸರ, ನಡಕೋತ ನಾಲ್ಕೂ ಬೇಸ್ ಸುತ್ತಿ ಬರ್ತಾರ" ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ತಂಡದಲ್ಲಿ ನನ್ನ ಬಾಯಿಗೆ ಎಲ್ಲರೂ ಹೆದರುತ್ತಿದ್ದರು, ಅದನ್ನು ನಾನು ದೊಡ್ಡಸ್ತಿಕೆ ಎಂದು ತಿಳಿದಿದ್ದೆ.

ನನಗೂ ಒಂದು ಆಸೆ ಇತ್ತು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಐದನೆಯ ಪಂದ್ಯ ಗೆದ್ದರೆ ನಮ್ಮ ತಂಡದಿಂದ ಇಬ್ಬರನ್ನು ರಾಜ್ಯಮಟ್ಟದ ಶಿಬಿರಕ್ಕೆ ಕರೆಯುತ್ತಾರೆ ಎಂಬ ಮಾತಿತ್ತು. ಪಿಚರ್ ಹೋದರೆ ಅವಳ ಬಾಲು ಹಿಡಿಯುವ ಕ್ಯಾಚರೂ ಹೋಗುವುದು ರೂಢಿ. ಮೂವತ್ತಾರನೆಯ ವಯಸ್ಸಿನಲ್ಲಿ ಯಾರು ನನ್ನನ್ನು ಇನ್ನೊಮ್ಮೆ ಕರೆದಾರು? ಹದಿನಾಲ್ಕು ವರ್ಷ ಬೇಲಿಯ ಆಚೆ ನಿಂತು ನೋಡಿದವಳಿಗೆ ಆ ಒಂದು ಕರೆ ಎಷ್ಟು ಬೇಕಾಗಿತ್ತೆಂದರೆ, ದೇವರ ಮುಂದೆ ಕೂತಾಗಲೂ ಅದನ್ನೇ ಬೇಡುತ್ತಿದ್ದೆ.

ಆ ಕೈಯಲ್ಲಿ ಏನೋ ಆಗಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ನಾಲ್ಕನೆಯ ಪಂದ್ಯ ಮುಗಿದ ಮೇಲಿನ ಅಭ್ಯಾಸದಲ್ಲಿ ಬಾಲು ಎಂದಿನ ಜಾಗಕ್ಕೆ ಬರಲಿಲ್ಲ, ಅಂಗೈಯ ಕೆಳಗೆ, ಮಣಿಕಟ್ಟಿನ ಹತ್ತಿರ ಬಂತು. ಸದ್ದೂ ಮೆತ್ತಗಾಗಿತ್ತು. ಎದ್ದು ಅವಳ ಹತ್ತಿರ ಹೋದೆ.

"ಕೈ ನೋಯ್ಲಿಕತ್ತದೇನು?"

"ಏನೂ ಇಲ್ಲಕ್ಕಾ. ಮುಂಜಾನೆ ಎಲಿ ಬಾಳ ಇತ್ತು, ಏಣಿ ಮ್ಯಾಲ ಜಾಸ್ತಿ ಹೊತ್ತು ನಿಂತಿದ್ನಿ. ಅಷ್ಟ."

ಎಲೆ ಕೀಳುವುದೂ ಬಲಗೈಯೇ. ಹೆಬ್ಬೆರಳಿಗೆ ಕಬ್ಬಿಣದ ಉಗುರು ಸಿಕ್ಕಿಸಿಕೊಂಡು, ಕೈಯನ್ನು ತಲೆಗಿಂತ ಎತ್ತರಕ್ಕೆ ಚಾಚಿ ಒಂದೊಂದೇ ಎಲೆಯ ತೊಟ್ಟು ಮುರಿಯಬೇಕು. ವಾರವೆಲ್ಲ ಅದು, ಭಾನುವಾರ ಇದು. ಇಷ್ಟು ಲೆಕ್ಕ ನನ್ನಂಥ ಓದಿದವಳ ತಲೆಗೆ ಹೊಳೆಯಬೇಕಿತ್ತು.

ಅವಳ ಅವ್ವ ಮಾತ್ರ ಬೇರೆಯೇ ಕಾರಣ ಕಂಡುಹಿಡಿದಳು. ಗೆದ್ದಾಗಿನಿಂದ ಊರಿನವರೆಲ್ಲ ಮಗಳ ಕೈ ಹಿಡಿದು ಹಿಡಿದು ನೋಡಿದ್ದಾರೆ, ದೃಷ್ಟಿಯಾಗಿದೆ. ಮೈದಾನದ ಮೂಲೆಯಲ್ಲೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಒಂದಿಷ್ಟೂ ಘಾಟು ಬರಲಿಲ್ಲ. "ನೋಡ್ರಿ, ಘಾಟ ಇಲ್ಲ! ಎಂಥಾ ಕಣ್ಣು ಬಿದ್ದಿರಬೇಕ್ರಿ!" ಎಂದು ಗಾಬರಿಯಾದಳು. ನಾವೆಲ್ಲ ತಲೆದೂಗಿದೆವು. ನಾನೂ.

ಗರಡಿಮನೆಯಲ್ಲಿ ಬೆಳೆದ ಮಾಸ್ತರರು ಅಂದೇ ತಂಡಕ್ಕೊಂದು ಕಟ್ಟಳೆ ಮಾಡಿದರು. "ಕುಸ್ತಿ ಮುಂದಿದ್ದಾಗ ಪೈಲ್ವಾನನ ಮೈ ಬಗ್ಗೆ ಯಾರೂ ತುಟಿ ಪಿಟಕ್ಕನ್ನೂದಿಲ್ಲ. ಇವತ್ತಿಂದ ಈಕಿ ಕೈ ಸುದ್ದಿ ಯಾರೂ ತಗೀಬ್ಯಾಡ್ರಿ. ಛಲೋ ಐತಿ ಅನ್ನಬ್ಯಾಡ್ರಿ, ಹೆಂಗೈತಿ ಅಂತನೂ ಕೇಳಬ್ಯಾಡ್ರಿ." ಹದಿಮೂರು ಜನರೂ ಹೂಂಗುಟ್ಟಿದೆವು. ಯಾರಾದರೂ ಮರೆತು ಅವಳ ಹೆಗಲ ಕಡೆ ನೋಡಿದರೂ ಪಕ್ಕದವಳು ಚಿವುಟುತ್ತಿದ್ದಳು. ಒಂದು ಕೈಯನ್ನು ಕಾಪಾಡಲೆಂದು ಅದರ ಬಗ್ಗೆ ಯಾರೂ ಏನೂ ಕೇಳದ ಹಾಗೆ ಮಾಡಿಕೊಂಡ ಶ್ಯಾಣ್ಯಾರು ನಾವು!

ಆ ವಾರ ಗುರುವಾರ, ಅವಳ ಅವ್ವನ ಮಾತಿನಂತೆ, ಅವಳನ್ನು ಹುಲಗೂರಿನ ದರ್ಗಾಕ್ಕೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಕಾಲೇಜಿನ ಕೆಲಸವೆಂದು ಹೇಳಿ ಹೊರಟೆ. ಸಕ್ಕರೆ ಮುಂದಿಟ್ಟು ಪ್ರಾರ್ಥನೆ ಓದಿಸಿದೆವು. ಅಲ್ಲಿದ್ದ ಹಿರಿಯರು, ಬಿಳಿ ಗಡ್ಡದ ಮೆಲುಮಾತಿನವರು, ಅವಳ ರಟ್ಟೆಗೆ ಹಸಿರು ದಾರ ಕಟ್ಟಿದರು. ಕಟ್ಟುವಾಗ ಅವಳು ತುಟಿ ಕಚ್ಚಿದ್ದನ್ನು ಅವರೂ ನೋಡಿದರು, ನಾನೂ ನೋಡಿದೆ. ಅವಳು ಓದಿಸಿದ ಸಕ್ಕರೆಯನ್ನು ಗೋಡೆಯ ಬದಿ ಕೂತಿದ್ದ ಹೆಂಗಸರಿಗೆ ಹಂಚಲು ಹೋದಳು. ಆಗ ಅವರು ನನ್ನನ್ನು ಕರೆದರು.

"ದಾರಾ ಕಟ್ಟೇನಿ ಬೇಟಾ, ದುವಾ ಮಾಡೇನಿ. ಆದ್ರ ಹೆಗಲ ಬೆಂಕಿ ಆಗೇತಿ. ಹದಿನೈದು ದಿನ ಆ ಕೈ ಮ್ಯಾಲ ಎತ್ತಬಾರದು. ಒಬ್ಬ ಡಾಕ್ಟರಿಗೂ ತೋರಿಸ್ರಿ. ದಾರಾ ತನ್ನ ಕೆಲಸಾ ಮಾಡ್ತೈತಿ, ಆರಾಮ ಕೊಡೂದು ನಮ್ಮ ಕೆಲಸ. ನೀವು ದೊಡ್ಡಾವ್ರು, ನಿಮ್ಮ ಮಾತು ಕೇಳ್ತಾಳ. ಹೇಳ್ರಿ."

"ಹೇಳ್ತೀನ್ರಿ" ಅಂದೆ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವಳೇ ಕೇಳಿದಳು, "ಅಜ್ಜಾರು ಏನಂದ್ರಕ್ಕಾ?"

ಪಂದ್ಯ ಭಾನುವಾರ. ಹದಿನೈದು ದಿನವೆಂದರೆ ಶಿಬಿರ ಹೋಯಿತು. ಇದೊಂದು ಪಂದ್ಯ ಆಡಿಬಿಡಲಿ, ಸೋಮವಾರ ಹೇಳುತ್ತೇನೆ, ಸೋಮವಾರ ನಾನೇ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು ಮನಸ್ಸು ಎಷ್ಟು ಬೇಗ ಲೆಕ್ಕ ಹಾಕಿತೆಂದರೆ, ಬಾಯಿಂದ ಮಾತು ಬಂದದ್ದು ನನಗೇ ಗೊತ್ತಾಗಲಿಲ್ಲ.

"ಎಲ್ಲಾ ಛಲೋ ಆಗ್ತದ ಅಂದ್ರು."

"ಹೌದಕ್ಕಾ?" ಎಂದಳು. ಮುಖ ಅರಳಿತು. ಆ ಮುಖ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಪಂದ್ಯ ಹಿರೇಕೆರೂರಿನಲ್ಲಿ ನಡೆಯಿತು. ಮೊದಲ ನಾಲ್ಕು ಸರದಿ ಅವಳು ಹೇಗೆ ಒಗೆದಳೋ ದೇವರೇ ಬಲ್ಲ. ವೇಗವಿರಲಿಲ್ಲ, ಗುರಿ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪ್ರತಿ ಬಾಲಿಗೂ ಮೊದಲು ಯಾವುದನ್ನು ಒಗೆಯಬೇಕೆಂದು ಕ್ಯಾಚರ್ ಬೆರಳು ತೋರಿಸುತ್ತಾಳೆ. ಒಂದು ಬೆರಳೆಂದರೆ ಪೂರ್ತಿ ವೇಗದ್ದು, ಎರಡೆಂದರೆ ನಿಧಾನದ್ದು. ಪಿಚರಿಗೆ ಬೇಡವೆನಿಸಿದರೆ ತಲೆ ಅಲ್ಲಾಡಿಸಬಹುದು. ನಮ್ಮ ಹುಡುಗಿ ಒಂದು ಸಲವೂ ಅಲ್ಲಾಡಿಸಿದವಳಲ್ಲ. ನಾನು ಹಿರಿಯಳು, ಓದಿದವಳು, ಅಕ್ಕ.

ಐದನೆಯ ಸರದಿ. ನಾವು ಎರಡು ರನ್ ಮುಂದಿದ್ದೆವು. ಎದುರಿನವರ ಗಟ್ಟಿ ಹುಡುಗಿ ಬ್ಯಾಟು ಹಿಡಿದು ನಿಂತಿದ್ದಳು. ಎರಡು ಸ್ಟ್ರೈಕ್ ಆಗಿತ್ತು. ನಮ್ಮವಳು ಬಾಲನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡುತ್ತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಎರಡು ಬೆರಳು ತೋರಿಸಲಿ ಎಂದು ಆ ಕಣ್ಣು ಕೇಳುತ್ತಿತ್ತು. ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಒಂದು ಬೆರಳು ತೋರಿಸಿದೆ.

ಅವಳು ತಲೆದೂಗಿ ಒಪ್ಪಿ, ಕೈ ಹಿಂದಕ್ಕೆಳೆದು ಪೂರ್ತಿ ಬಲದಿಂದ ಒಗೆದಳು. ಬಾಲು ನೆಟ್ಟಗೆ ಬಂತು, ಬ್ಯಾಟಿನವಳು ಬೀಸಿ ತಪ್ಪಿದಳು, ಫಟ್ ಎಂದು ನನ್ನ ಅಂಗೈಯ ನಡುವಿಗೆ ಬಡಿಯಿತು. ಮೊದಲ ದಿನ ಬಂದಂಥದೇ ಬಾಲು. ಔಟ್! ನಾನು ಕುಣಿದು ಮುಸುಕು ಎತ್ತಿ ನೋಡುತ್ತೇನೆ, ಅವಳು ಮಂಡಿಯೂರಿ ಕೂತು ಎಡಗೈಯಿಂದ ಬಲ ಹೆಗಲು ಹಿಡಿದುಕೊಂಡಿದ್ದಾಳೆ. ಕೂಗಲಿಲ್ಲ, ಅಳಲಿಲ್ಲ. ಆ ಕೈ ಮಾತ್ರ ಅವಳದಲ್ಲವೆಂಬ ಹಾಗೆ ಜೋತು ಬಿದ್ದಿತ್ತು.

ಉಳಿದ ಸರದಿಗಳನ್ನು ಚಿಕ್ಕೇರೂರಿನ ಹುಡುಗಿ ಒಗೆದಳು. ಅಳುತ್ತಾ ಒಗೆದಳು. ಆಶ್ಚರ್ಯವೆಂದರೆ ಅವತ್ತು ಅವಳ ಬಾಲು ದಾರಿ ತಪ್ಪಲಿಲ್ಲ, ಒಂದೇ ಒಂದು ರನ್ ಬಿಟ್ಟುಕೊಟ್ಟಳು. ನಾವು ಗೆದ್ದೆವು. ಯಾರೂ ಕುಣಿಯಲಿಲ್ಲ.

ಹುಬ್ಬಳ್ಳಿಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ಹೆಗಲೊಳಗಿನ ಸ್ನಾಯು ಹರಿದಿದೆ ಎಂದರು. "ಮೊದಲು ಬರೀ ಬಾವು ಇದ್ದಿರಬೇಕು, ಎರಡು ಮೂರು ವಾರ ವಿಶ್ರಾಂತಿ ಕೊಟ್ಟಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ. ನಿಮಗ್ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು. ಅವಳ ಅವ್ವ "ಇಲ್ರಿ" ಎಂದಳು. ನಾನು ಅಲ್ಲೇ, ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆಪರೇಷನ್ ಆಯಿತು, ವ್ಯಾಯಾಮ ಹೇಳಿಕೊಟ್ಟರು. ಕೈ ಹೆಗಲಿನ ಮಟ್ಟಕ್ಕೆ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಶಿಬಿರದ ಕರೆ ನನಗೂ ಬರಲಿಲ್ಲ. ಬಂದಿದ್ದರೆ ಹೋಗುತ್ತಿದ್ದೆನೋ ಏನೋ, ನನ್ನ ಮೇಲೆ ನನಗೆ ಭರವಸೆ ಇಲ್ಲ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಅಷ್ಟು ದೊಡ್ಡ ದೃಷ್ಟಿ ಯಾರದಿರಬೇಕು ಎಂಬ ಮಾತು ತಂಡದಲ್ಲಿ ಹುಟ್ಟಿ, ಚಿಕ್ಕೇರೂರಿನ ಹುಡುಗಿಯ ಮೇಲೆ ಹೋಗಿ ನಿಂತಿತು. ಅವಳಿಗೆ ಆ ಜಾಗ ಬೇಕಿತ್ತಲ್ಲ, "ಅಕ್ಕನ ಕೈಯಂಥಾ ಕೈ ನನಗ ಇದ್ದಿದ್ರ" ಎಂದು ಒಮ್ಮೆ ಅಂದಿದ್ದಳಲ್ಲ. ಅವಳು ಬಂದರೆ ಉಳಿದವರು ಸರಿದು ಕೂಡತೊಡಗಿದರು. ಎರಡು ಭಾನುವಾರ ಸಹಿಸಿದಳು, ಮೂರನೆಯ ಭಾನುವಾರ ಬರಲಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಎಲ್ಲರಿಗೂ ಬೈಯಲು ಉದ್ದವಾಗಿರುವ ನನ್ನ ನಾಲಿಗೆ ಆಗ ಎಲ್ಲಿ ಸತ್ತಿತ್ತೋ. ಇಬ್ಬರೂ ಪಿಚರುಗಳಿಲ್ಲದ ತಂಡ ಉಳಿದ ಪಂದ್ಯಗಳನ್ನೆಲ್ಲ ಸೋತಿತು. ಯಾರ್ಯಾರೋ ಒಗೆದರು, ಹಿಡಿದೆ. ಯಾರ ಬಾಲೂ ಅಂಗೈಯಲ್ಲಿ ಉಳಿಯಲಿಲ್ಲ. ಊದಿದ್ದು ಇಳಿಯಿತು, ನೇರಳೆ ಬಣ್ಣ ಹಳದಿಯಾಗಿ ಮಾಸಿ ಹೋಯಿತು. ಮಾಸಬಾರದು ಎಂದು ಮೂರ್ಖಳ ಹಾಗೆ ಗೋಡೆಗೆ ಅಂಗೈ ಬಡಿದದ್ದೂ ಉಂಟು. ಗೋಡೆಯ ನೋವು ಅದಲ್ಲ.

ಹೋದ ತಿಂಗಳು ಒಂದು ಮುಂಜಾನೆ ಸವಣೂರಿಗೆ ಹೋದೆ. ತೋಟದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದೆ. ಅವಳ ಅವ್ವ ಏಣಿಯ ಮೇಲಿದ್ದಳು. ಮಗಳು ಕೆಳಗೆ ಕೂತು ಕಿತ್ತ ಎಲೆಗಳನ್ನು ಒಪ್ಪವಾಗಿ ಕಟ್ಟುತ್ತಿದ್ದಳು. "ಬಾಕ್ಕಾ, ಕುಂದರು" ಎಂದು ಗೋಣಿತಟ್ಟು ಸರಿಸಿದಳು. ಕಾಲೇಜಿನ ಸುದ್ದಿ, ಅಪ್ಪನ ಮಂಡಿನೋವಿನ ಸುದ್ದಿ ಎಲ್ಲ ಕೇಳಿದಳು. ನಾನು ಎಷ್ಟು ಹೊತ್ತು ಅಡ್ಡಮಾತು ಆಡಬೇಕು? ಹುಲಗೂರಿನ ಹಿರಿಯರು ಹೇಳಿದ್ದನ್ನು, ನಾನು ಹೇಳದೆ ಉಳಿದದ್ದನ್ನು, ಯಾಕೆ ಎಂಬುದನ್ನು, ಒಂದು ಬೆರಳಿನ ವಿಷಯವನ್ನು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಏಣಿಯ ಮೇಲೆ ಎಲೆ ಮುರಿಯುವ ಸದ್ದು ನಿಂತಿತು.

ಅವಳು ಕೈಯಲ್ಲಿದ್ದ ಕಟ್ಟನ್ನು ಪೂರ್ತಿ ಮಾಡಿ ಪಕ್ಕಕ್ಕೆ ಇಟ್ಟಳು.

"ಹೇಳಿದ್ರೂ ನಾ ಒಗೀತಿದ್ನಿ ಅಕ್ಕಾ. ನನಗೂ ಗೆಲ್ಲಬೇಕಾಗಿತ್ತು. ಖರೇನ, ಒಗೀತಿದ್ನಿ." ಇನ್ನೊಂದು ಹಿಡಿ ಎಲೆ ಎತ್ತಿಕೊಂಡು ಅಂದಳು: "ಆದ್ರ ಒಗೀಲೋ ಬ್ಯಾಡೋ ಅಂತ ನಾ ಅನ್ನಬೇಕಿತ್ತು. ಅದು ನನ್ನ ಕೈ ಇತ್ತು. ನೀ ಅಂದಿ."

ತಪ್ಪಾಯಿತು ಎಂದೆ, ಅದು ಎಷ್ಟು ಸಣ್ಣ ಮಾತು ಎಂದು ಅಂದಾಗಲೇ ಗೊತ್ತಾಯಿತು. ಅಷ್ಟರಲ್ಲಿ ಅವಳ ಅವ್ವ ಏಣಿಯಿಂದ ಇಳಿದು ಬಂದು ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು. "ಹಂಗಾದ್ರ ಆ ಚಿಕ್ಕೇರೂರ ಕೂಸಿಂದು ಏನೂ ಇರಲಿಲ್ಲಲ್ಲವಾ" ಅಂದಳು, ತನ್ನಷ್ಟಕ್ಕೆ ತಾನು ಎಂಬಂತೆ. ಮಗಳು ನನ್ನ ಕಡೆ ನೋಡಿ, "ಆಕಿಗೆ ಫೋನ್ ಹಚ್ಚು. ಈಗ, ಇಲ್ಲೇ" ಎಂದಳು. ಮೊದಲ ಸಲ ನನಗೆ ಅವಳು ಹೀಗೆ ಅಪ್ಪಣೆ ಮಾಡಿದ್ದು.

ಹಚ್ಚಿದೆ. ಎತ್ತುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ "ಹಲೋ, ಅಕ್ಕಾರ?" ಎಂಬ ಅಳುಕಿನ ದನಿ ಬಂತು. ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದು ತಿಳಿದಿದ್ದೆ, ಹಾಗೇನಿರಲಿಲ್ಲ. ತನ್ನ ಮೇಲೆ ಹೊರಿಸಿದ್ದರ ಬಗ್ಗೆ ಕೇಳುತ್ತಾಳೆ, ನನಗೆ ಶಾಪ ಹಾಕುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಅಕ್ಕನ ಕೈ ಈಗ ಹೆಂಗೈತ್ರಿ?"

ಅದಕ್ಕೆ ಉತ್ತರ ಹೇಳುವ ಹಕ್ಕು ನನಗಿರಲಿಲ್ಲ. ಫೋನನ್ನು ನಮ್ಮ ಪಿಚರಿನ ಕಡೆ ಚಾಚಿದೆ. ಅವಳು ಎಡಗೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಂಡಳು. ಆ ಪ್ರಶ್ನೆಯನ್ನು ಆ ಹುಡುಗಿ ಇನ್ನೊಮ್ಮೆ ಕೇಳಿರಬೇಕು.

"ನೋಯ್ತೈತಿ ತಂಗಿ" ಅಂದಳು. "ಬಾಳ ನೋಯ್ತೈತಿ."

ಆ ಮಾತನ್ನು ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ.